ವ್ಯಾಯಾಮ ಮಾಡದವಳ ಬೆಟ್ಟ

ಬೆಳಕು ಹರಿಯುವ ಮೊದಲು ಆಟದ ಟೀಚರು ಮುಗಿಸಬೇಕಾದ ಕೆಲಸಗಳು ಇಷ್ಟೇ: ಕೆಳಗಿನ ನಲ್ಲಿಯಿಂದ ಎರಡನೇ ಮಹಡಿಗೆ ಎಂಟು ಕೊಡ ನೀರು ಹೊರುವುದು, ಪಾತ್ರೆ ತೊಳೆಯುವುದು, ಬಟ್ಟೆ ಹಿಂಡಿ ತಾರಸಿಯಲ್ಲಿ ಹರವುವುದು, ತಿಂಡಿ ಮಾಡುವುದು, ಎರಡು ಡಬ್ಬಿ ತುಂಬುವುದು, ಅತ್ತೆಯ ಮಂಡಿಗೆ ಎಣ್ಣೆ ನೀವುವುದು, ಗಂಡನ ಕಾಲುಚೀಲಕ್ಕೆ ಜೋಡಿ ಹುಡುಕುವುದು. ಈ ವಾರ ಎಂಟನೆಯದೊಂದು ಸೇರಿತ್ತು: ಗಂಡನನ್ನು ವ್ಯಾಯಾಮಕ್ಕೆ ಎಬ್ಬಿಸುವುದು. (ಮೊದಲ ಏಳನ್ನು ಒಟ್ಟು ತೂಗಿದರೂ ಇದರ ಭಾರಕ್ಕೆ ಸಮನಾಗದು.)

ಎಲ್ಲಕ್ಕೂ ಮೂಲ ಹೆಡ್ ಮೇಡಂ. "ಇಂಟರ್ನೆಟ್ಟಲ್ಲಿ ಮಕ್ಕಳಿಗೆ ಸರಿಹೋಗೋ ವ್ಯಾಯಾಮದ ವಿಡಿಯೋ ಒಂದನ್ನ ಆರಿಸಿ. ಅದರಿಂದ ಉಪಯೋಗ ಇದೆ ಅಂತ ಸೋಮವಾರ ತೋರಿಸಿ. ಇಲ್ಲಾಂದ್ರೆ ಆಟದ ಪೀರಿಯಡ್ಡು ಗಣಿತಕ್ಕೆ ಹೋಗುತ್ತೆ" ಎಂದಿದ್ದರು. ಗಣಿತದ ಮೇಷ್ಟ್ರು ಆಗಲೇ ಹೊಸ ಸೀಮೆಸುಣ್ಣ ತರಿಸಿಟ್ಟಿದ್ದರು.

ಅವಳು ನಲವತ್ತೊಂದು ವಿಡಿಯೋ ನೋಡಿದಳು. ಮಾಡಿದವರು ಯಾರು, ಏನು ಓದಿದ್ದಾರೆ, ಮಕ್ಕಳ ಕೀಲುಗಳಿಗೆ ಕೇಡಿಲ್ಲವೇ ಎಂದು ಒಂದೊಂದಕ್ಕೂ ಅಂಕ ಹಾಕಿದಳು. ವಾರದಲ್ಲಿ ಹೊಟ್ಟೆ ಕರಗಿಸುತ್ತೇನೆಂದವನು ಕೊನೆಗೆ ಪುಡಿ ಮಾರಿದ. ಲಕ್ಷಾಂತರ ಜನ ಮೆಚ್ಚಿದ ಇನ್ನೊಬ್ಬ ಕತ್ತಿನ ಮೇಲೆ ನಿಂತ. ನಲವತ್ತೊಂದನೆಯದನ್ನು ವೈದ್ಯರೇ ಕೂತು ಮಾಡಿದ್ದರು. ಅದರಲ್ಲಿ ಹೃದಯವೊಂದು ಮೊಗ್ಗಿನಂತೆ ಬಿಚ್ಚಿಕೊಂಡು, ರಕ್ತ ಹೇಗೆ ನುಗ್ಗುತ್ತದೆಂದು ತೋರಿಸಿತು. ಸೌಟು ಹಿಡಿದವಳು ಹಾಗೇ ನಿಂತುಬಿಟ್ಟಳು. ಇಷ್ಟು ವರ್ಷ ನನ್ನೊಳಗೂ ಇದು ಹೀಗೇ ದುಡಿಯುತ್ತಿತ್ತೇ, ಒಂದು ದಿನವೂ ರಜೆ ಕೇಳದೆ? (ಆ ದಿನದ ತಿಂಡಿ ತಳ ಹಿಡಿಯಿತು.)

ವಿಡಿಯೋದ ಜಾಲತಾಣವೇ ಪರೀಕ್ಷೆಯ ಕ್ರಮವನ್ನೂ ಹೇಳಿತ್ತು: ವ್ಯಾಯಾಮ ಮಾಡುವವರೊಬ್ಬರು, ಮಾಡದವರೊಬ್ಬರು, ಇಬ್ಬರ ಕೈಗೂ ಹೆಜ್ಜೆ, ಮೆಟ್ಟಿಲು, ಎದೆಬಡಿತ ಎಣಿಸುವ ಪಟ್ಟಿ, ಒಂದು ವಾರ. ಶಾಲೆಯಲ್ಲಿ ಅಂಥ ಪಟ್ಟಿ ಎರಡಿದ್ದವು. ಗಂಡ ಮಹಾದಾನಿಯ ಗತ್ತಿನಲ್ಲಿ ಕೈ ಚಾಚಿದ.

"ಮಾಡದವರು ಯಾರ್ರೀ?" ಎಂದಳು.

"ಅದಕ್ಯಾಕೆ ಊರೆಲ್ಲ ಹುಡುಕ್ತೀಯ? ನೀನೇ ಇದ್ದೀಯಲ್ಲ. ಸೀಟಿ ಊದೋದು ಬಿಟ್ರೆ ನಿಂಗೇನು ವ್ಯಾಯಾಮ ಇದೆ?"

ಅವಳಿಗೂ ಹೌದೆನ್ನಿಸಿತು. ಜಾಲತಾಣದ ನಮೂನೆಯಲ್ಲಿ ತನ್ನ ಕೈಯಾರೆ ಬರೆದಳು: ವ್ಯಾಯಾಮ ಮಾಡದವರು – ನಾನು.

ವಾರವಿಡೀ ಮನೆಯಲ್ಲಿ ಗಂಡನ ವ್ಯಾಯಾಮವೇ ದೊಡ್ಡ ಸಮಾರಂಭ. "ನೋಡೇ, ನನ್ನ ಮಗ ಎರಡೂ ಕೈ ಎತ್ತಿದ" ಎಂದು ಅತ್ತೆ ಬೆರಗಾಗುತ್ತಿದ್ದರು. "ಪಾಪ, ಬೆವರಿದಾನೆ. ಒಂದು ಲೋಟ ಹಾಲು ತಂದ್ಕೊಡು." ಇಪ್ಪತ್ತು ನಿಮಿಷ ಕುಣಿದವನು ಎರಡು ಗಂಟೆ ಸೋಫಾದ ಮೇಲೆ ಚೇತರಿಸಿಕೊಳ್ಳುತ್ತಿದ್ದ.

ಭಾನುವಾರ ಮಧ್ಯಾಹ್ನ ಎರಡು ಪಟ್ಟಿಗಳ ಲೆಕ್ಕವೂ ಪರದೆಯ ಮೇಲೆ ಗೆರೆಗಳಾಗಿ ಮೂಡಿತು. ಗಂಡನದು ದಿನಕ್ಕೊಂದು ಇರುವೆಗೂಡು, ಆಮೇಲೆ ಬಟ್ಟ ಬಯಲು. ಅವಳದು ಬೆಟ್ಟದ ಸಾಲು. ಕೆಳಗೆ ಯಂತ್ರ ತನ್ನಷ್ಟಕ್ಕೆ ತೀರ್ಪು ಬರೆದಿತ್ತು: ವ್ಯಾಯಾಮ ಮಾಡದವರು ನಾಲ್ಕು ಪಟ್ಟು ಹೆಚ್ಚು ಚಟುವಟಿಕೆಯಿಂದಿದ್ದಾರೆ.

ಅವಳು ಅದನ್ನು ಎರಡೆರಡು ಸಲ ಓದಿದಳು. ಈ ವಾಕ್ಯವೊಂದು ಸಾಕು, ಗಣಿತದ ಮೇಷ್ಟ್ರು ಕಟ್ಟು ಹಾಕಿಸಿ ಗೋಡೆಗೆ ತೂಗುಬಿಡುತ್ತಾರೆ.

"ಮಿಷನ್ನು ಕೆಟ್ಟಿದೆ" ಎಂದ ಗಂಡ.

ಅತ್ತೆ ಕನ್ನಡಕ ಏರಿಸಿ ಪರದೆಗೆ ಬೆರಳಿಟ್ಟರು. "ಇದೇನೇ, ಬಾಚಣಿಗೆ ಹಲ್ಲಿನ ಹಾಗೆ, ಎಂಟು?"

"ಎಂಟು ಕೊಡ ನೀರು, ಅತ್ತೆ."

"ಈ ತಗ್ಗು?"

"ಕೂತಿದ್ದು. ನಿಮ್ಮ ಮಂಡಿ ನೀವೋವಾಗ."

ಅತ್ತೆಯ ಬೆರಳು ಆ ಸಣ್ಣ ತಗ್ಗಿನಲ್ಲೇ ನಿಂತಿತು. "ನಾನೂ ನಲವತ್ತು ವರ್ಷ ಹೊತ್ತೆ ಕಣೇ. ಆಗ ಈ ಪಟ್ಟಿ ಇದ್ದಿದ್ರೆ ಎಂಥಾ ಬೆಟ್ಟ ಬರ್ತಿತ್ತೋ" ಎಂದು ಮಂಡಿ ಹಿಡಿದುಕೊಂಡು ಒಳಗೆ ಹೋದರು.

ಗಂಡ ದನಿ ತಗ್ಗಿಸಿದ. "ಹೆಸರು ಅದಲುಬದಲು ಮಾಡಿಬಿಡು. ಪೀರಿಯಡ್ಡೂ ಉಳಿಯುತ್ತೆ, ನನ್ನ ಮರ್ಯಾದೆನೂ ಉಳಿಯುತ್ತೆ. ಬೆಟ್ಟ ಯಾರದ್ದಾದ್ರೇನು, ನಾವಿಬ್ರೂ ಬೇರೆಬೇರೆನಾ?" ಎಂದು ಸೋಫಾಕ್ಕೆ ಮರಳಿದ.

ಅವಳೊಬ್ಬಳೇ ಉಳಿದಳು. ಒಂದು ಸಲ ಒತ್ತಿದರೆ ಮುಗಿಯಿತು, ಮಕ್ಕಳಿಗೆ ಮೈದಾನ ಸಿಗುತ್ತದೆ. ಬೆರಳು ಹೋದದ್ದೂ ನಿಜ. ಆದರೆ ಕಣ್ಣು ಗೆರೆ ಬಿಟ್ಟು ಏಳಲೊಲ್ಲದು. ತೊಳೆದ ಪಾತ್ರೆ ಹತ್ತು ಗಂಟೆಗೆ ಎಂಜಲು, ತುಂಬಿದ ಕೊಡ ಸಂಜೆಗೆ ಖಾಲಿ. ಇಷ್ಟು ವರ್ಷದಲ್ಲಿ ಅವಳ ಬೆಳಗಿನ ಕೆಲಸ ಒಂದೆಡೆ ಅಳಿಸದೆ ನಿಂತದ್ದು ಇದೇ ಮೊದಲು. ಇಷ್ಟೆತ್ತರವೇ ಎಂದು ಅವಳು ತಾನು ಹತ್ತಿದ್ದನ್ನು ಬಾಯಿ ತೆರೆದು ನೋಡಿದಳು.

ಆಮೇಲೆ ಹೆಡ್ ಮೇಡಂಗೆ ಬರೆದಳು: "ಮಾಡದವರನ್ನು ಆರಿಸುವುದರಲ್ಲಿ ನಾನೇ ತಪ್ಪಿದ್ದೇನೆ. ಇನ್ನೊಂದು ವಾರ ಕೊಡಿ." ಅವರು ಕೊಡುತ್ತಾರೋ ಇಲ್ಲವೋ. ಹೊಸ ನಮೂನೆಯಲ್ಲಿ ವ್ಯಾಯಾಮ ಮಾಡುವವರ ಮುಂದೆ ತನ್ನನ್ನು ಬರೆದಳು, ಮಾಡದವರ ಮುಂದೆ ಗಂಡನನ್ನು. ತನ್ನ ಫೋನಿನ ನಾಲ್ಕೂವರೆಯ ಅಲಾರಂ ತೆಗೆದು ಅವನ ಫೋನಿಗೆ ಇಟ್ಟಳು. ಕೈಯಿಂದ ಪಟ್ಟಿ ಬಿಚ್ಚಿ, ನಾಳೆ ನೀರು ಹೊರುವವನ ಕೈಗೆ ಸಿಗಲೆಂದು ಬಾಗಿಲ ಬಳಿಯ ಖಾಲಿ ಕೊಡದೊಳಗೆ ಹಾಕಿದಳು.