ಭಾಗ ಎರಡು ಓಡ್ತದೇನ್ರಿ?

ಟಾಕೀಸಿನ ಮ್ಯಾನೇಜರ್ ಕೆಲಸದಲ್ಲಿ ಒಂದು ಸುಖವಿದೆ. ಪರದೆಯ ಮೇಲಿನ ಸಿನಿಮಾ ಚೆನ್ನಾಗಿಲ್ಲದಿದ್ದರೆ ಪರದೆಯ ಮುಂದೆ ಇನ್ನೊಂದು ನಡೆದೇ ನಡೆಯುತ್ತದೆ. ಕಲಬುರಗಿಯ ಸೇಡಂ ರಸ್ತೆಯಲ್ಲಿರುವ ನಮ್ಮ ಹಳೆಯ ಟಾಕೀಸಿನಲ್ಲಿ ಇಂಥದ್ದು ನಡೆಯದ ವಾರವೇ ಇಲ್ಲ. ಆದರೂ ಹೋದ ಬೇಸಿಗೆಯಲ್ಲಿ ಆದಷ್ಟು ಎಂದೂ ಆಗಿರಲಿಲ್ಲ.

ಸ್ಯಾಂಪಲ್ ಮಾಲು

ನಮ್ಮ ಟಾಕೀಸಿನ ಮಾಲೀಕರು ಮೂಲತಃ ತೊಗರಿ ವ್ಯಾಪಾರಿಗಳು. ಎಲ್ಲರಿಗೂ ಸಾವಕಾರ್ರು. ಒಂದು ಮುಷ್ಟಿ ಕಾಳು ಎತ್ತಿ, ಒಂದನ್ನು ಹಲ್ಲಿನಲ್ಲಿ ಕಡಿದು, ಇಡೀ ಲಾರಿಯ ಜಾತಕ ಹೇಳುವವರು. ಸಿನಿಮಾವನ್ನೂ ಹಾಗೆಯೇ ನೋಡುತ್ತಾರೆ.

ಎರಡು ವರ್ಷದ ಹಿಂದೆ ಒಂದು ಹಾಡಿನ ಸಿನಿಮಾ ಬಂದಿತ್ತು. ಅಪ್ಪ-ಅವ್ವ ಇಲ್ಲದ ಹುಡುಗಿ ದೊಡ್ಡ ಮನೆತನದ ಸೊಸೆಯಾಗುತ್ತಾಳೆ, ಗಳಿಗೆಗೊಂದು ಹಾಡು, ಕೊನೆಗೆ ಅತ್ತೆಯೂ ಹಾಡುತ್ತಾಳೆ. ಆಗ ಊರಿಗೆ ಊರೇ ಬಂದಿತ್ತು. ಆಮೇಲೆ ಯಾರೂ ಬರಲಿಲ್ಲ. ನಮ್ಮ ‘ಹೌಸ್‌ಫುಲ್’ ಬೋರ್ಡನ್ನು ಕ್ಯಾಂಟೀನಿನವನು ನೀರಿನ ಹಂಡೆ ಮುಚ್ಚಲು ಒಯ್ದ. ಈಗ ಅದೇ ಸಿನಿಮಾದ ಎರಡನೇ ಭಾಗ ತಯಾರಾಗಿತ್ತು.

ನಾನು ಸಾವಕಾರ್ರ ಅಡತಿ ಅಂಗಡಿಗೆ ಹೋಗಿ ಫೋನಿನಲ್ಲಿ ಟ್ರೇಲರ್ ತೋರಿಸಿದೆ. ಕನ್ನಡಕ ಹಣೆಗೇರಿಸಿ ನೋಡಿದರು.

“ಇದು ಹೊಸಾ ಮಾಲೇನು? ಇಲ್ಲಾ, ಹಳೇದು ಉಳದದ್ದನ್ನ ಹೊಸಾ ಚೀಲಕ್ಕ ತುಂಬ್ಯಾರೇನು?”

“ಹೊಸಾದೇ ರೀ.”

“ನೋಡಪಾ, ನಮ್ಮಪ್ಪ ಕಟ್ಟಿಸ್ಯಾನಂತ ಈ ಟಾಕೀಸು ಇಷ್ಟ ದಿನ ಹಿಡಕೊಂಡೀನಿ. ಈ ಪಿಚ್ಚರೂ ಓಡಲಿಲ್ಲಂದ್ರ ಪರದಿ ಇಳಿಸಿ ಕಲ್ಯಾಣ ಮಂಟಪ ಮಾಡ್ತೀನಿ. ಮದುವಿ ಅಂದ್ರ ಮಂದಿ ಕರೀದೇನೂ ಬರ್ತಾರ. ನೀ ನಾಕು ಕಡಿ ಕೇಳಿ ಬಾ. ಓಡ್ತದ ಅಂದ್ರ ತರಸ್ತೀನಿ.”

ಮಂಟಪವಾದರೆ ನನ್ನ ಗತಿ ಏನು ಅಂತ ಮೆಲ್ಲಗೆ ಕೇಳಿದೆ.

“ನಿನಗ್ಯಾಕ ಚಿಂತಿ? ಬಾಗಿಲದಾಗ ನಿಂತು ಗುಲಾಬ್ ನೀರು ಹೊಡಿಯಂತಿ.”

ಮುಗಿಯದ ಮೊದಲನೆಯದು

ಮೊದಲು ರೋಜಾ ಬಡಾವಣೆಗೆ ಹೋದೆ. ಅಲ್ಲಿ ಚಹಾದಂಗಡಿ ಇಟ್ಟಿರುವ ಚಾಚಾ ಮೊದಲನೇ ಭಾಗವನ್ನು ಮೂರು ಸಲ ನೋಡಿದವರು. ಇಂಥ ಅಭಿಮಾನಿಯ ಮಾತಿಗೆ ತೂಕ ಇರುತ್ತದೆ ಅಂತ ಎದುರಿಗೇ ಕುಳಿತೆ.

“ಚಾಚಾ, ಹಾಡು ಅಷ್ಟು ಪಸಂದ್ ಬಂದಿದ್ವೇನು?”

“ಹಾಡು ಯಾರು ಕೇಳ್ಯಾರ ಸಾಬ್? ಹಾಡು ಶುರು ಆತಂದ್ರ ನಾ ನಿಮ್ಮ ಕ್ಯಾಂಟೀನಿಗೆ ಚಹಾ ಕುಡೀಲಾಕ ಹೋಗ್ತಿದ್ದೆ. ತಿರುಗಿ ಬರೋದ್ರಾಗ ಕಥಿ ಮುಂದ ಹೋಗಿರ್ತಿತ್ತು. ಅದಕ್ಕ ಮತ್ತ ಬಂದೆ. ಮತ್ತ ಹಾಡು, ಮತ್ತ ಚಹಾ.”

“ನಿಮ್ಮದೇ ಅಂಗಡಿ ಇದ್ದು ನಮ್ಮ ಚಹಾ ಯಾಕ ಚಾಚಾ?”

“ನಿಮ್ಮ ಚಹಾ ಕುಡದ್ರ ನನ್ನ ಚಹಾದ ಮ್ಯಾಲ ನನಗ ಭಾಳ ಪ್ರೀತಿ ಬರ್ತದ.”

ಅವಮಾನ ನುಂಗಿಕೊಂಡು, ಎರಡನೇ ಭಾಗಕ್ಕೆ ಬರುತ್ತೀರಾ ಅಂತ ಕೇಳಿದೆ.

“ಪಹಲೇ ಮೊದಲ್ನೇದು ಮುಗೀಲಿ ಸಾಬ್. ಆ ಹುಡುಗಿ ಮದುವಿ ಯಾವಾಗ ಆತು ಅಂತ ನನಗ ಇನ್ನಾ ಗೊತ್ತಿಲ್ಲ.”

ಒಂದು ಟಿಕೆಟ್ ಕಡಿಮೆ

ಸಂಸಾರದ ಸಿನಿಮಾ ಓಡಬೇಕಾದರೆ ಸಂಸಾರಸ್ಥರನ್ನೇ ಕೇಳಬೇಕು. ಕುಸನೂರಿನಲ್ಲಿ ನನಗೆ ಗುರುತಿನ ಒಂದು ಮನೆ ಇದೆ. ಅತ್ತೆ, ಮಾವ, ಮೂವರು ಗಂಡುಮಕ್ಕಳು, ಮೂವರು ಸೊಸೆಯಂದಿರು. ಬಂದರೆ ಒಂದು ಸಾಲು ಪೂರ್ತಿ, ಇಲ್ಲದಿದ್ದರೆ ಒಬ್ಬರೂ ಇಲ್ಲ.

“ಈ ಭಾಗದಾಗರ ಸೊಸಿಗೆ ಬುದ್ಧಿ ಬರ್ತದೇನು?” ಅಂತ ಅತ್ತೆ ಕೇಳಿದರು. ಬರುತ್ತದೆ ಅಂದೆ. ಅವರು ಚಹಾ ತರಲು ಒಳಗೆ ಹೋದ ಕೂಡಲೇ ಹಿರೀ ಸೊಸೆ ಪಿಸುಗುಟ್ಟಿದರು, “ಅತ್ತಿಗೆ ಬುದ್ಧಿ ಬರ್ತದೇನ್ರಿ?” ಅದಕ್ಕೂ ಬರುತ್ತದೆ ಅಂದೆ. ವ್ಯಾಪಾರ ಅಂದ ಮೇಲೆ ಇಷ್ಟೆಲ್ಲ ಇದ್ದದ್ದೇ.

ಸಣ್ಣ ಸೊಸೆ ತುಂಬಿದ ಬಸುರಿ. ಆಕೆಗೆ ಯಾರ ಬುದ್ಧಿಯ ಚಿಂತೆಯೂ ಇರಲಿಲ್ಲ, ಮುಖ ಮಾತ್ರ ಸಪ್ಪಗಿತ್ತು. ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ, ಬಳೆ, ಬುತ್ತಿ ತಂದು ಉಡಿ ತುಂಬಿ ಕುಬಸ ಮಾಡುವುದು ನಮ್ಮ ಕಡೆಯ ಪದ್ಧತಿ. ಆಕೆಯ ತವರು ದೂರದ ಊರು, ತಾಯಿ ಕಾಲು ಮುರಿದುಕೊಂಡು ಮಲಗಿದ್ದರು. ಹೀಗಾಗಿ ಕುಬಸ ನಿಂತೇ ಹೋಗಿತ್ತು.

ನನ್ನನ್ನು ಕಳಿಸಲು ಗೇಟಿನವರೆಗೆ ಬಂದ ಮಾವ ಕೈ ಹಿಡಿದುಕೊಂಡರು. “ಪಿಚ್ಚರ್ ಎಷ್ಟು ಉದ್ದ ಅದ?”

“ಮೂರು ತಾಸು ರೀ.”

“ಇವರೆಲ್ಲಾರನ್ನೂ ಕಳಸೋ ಜವಾಬ್ದಾರಿ ನಂದು. ನನಗ ಮಾತ್ರ ಟಿಕೆಟ್ ಸಿಗಲಿಲ್ಲಂತ ಹೇಳಿಬಿಡ್ರಿ. ಈ ಮನ್ಯಾಗ ಒಬ್ಬನೇ ಕುಂತು ಭಾಳ ವರ್ಷ ಆತು.”

ದೊಡ್ಡವ್ವನ ಭವಿಷ್ಯ

ಕೊನೆಗೆ ಕಮಲಾಪುರಕ್ಕೆ ಹೋದೆ. ನಮ್ಮ ದೊಡ್ಡವ್ವ ಅಲ್ಲಿ ಕೆಂಪು ಬಾಳೆಯ ತೋಟದಲ್ಲಿ ಗೊನೆ ಎಣಿಸುತ್ತಾ ಎಲ್ಲರ ಮೇಲೂ ಹುಕುಂ ನಡೆಸುವಾಕೆ. ಮೊದಲನೇ ಭಾಗ ನೋಡಿ ಸೆರಗು ಹಿಂಡುವಷ್ಟು ಅತ್ತಿದ್ದಳು. ಎರಡನೆಯದು ಬರುತ್ತದೆ ಅಂದಾಗ ಹಾಡು ಯಾರದು, ಹೀರೋ ಯಾರು ಏನೂ ಕೇಳಲಿಲ್ಲ.

“ಆ ಹುಡುಗಿಗೆ ಏನರ ವಿಶೇಷ ಅದಾ?”

“ಅದ ದೊಡ್ಡವ್ವ. ಕುಬಸದ ಹಾಡೇ ಅದ.”

ದೊಡ್ಡವ್ವನ ಮುಖ ಅರಳಿ, ಮರುಗಳಿಗೆಗೆ ಬಾಡಿತು. “ಅಕಿಗೆ ತವರಿನವರು ಯಾರೂ ಇಲ್ಲಲ್ಲೋ ತಮ್ಮಾ. ಬುತ್ತಿ ಯಾರು ತರ್ತಾರ?”

“ಸಿನಿಮಾದವರು ನೋಡ್ಕೋತಾರ ಬಿಡು.”

“ಅವರಿಗೇನು ತಿಳೀತದ, ಗಂಡಸರು,” ಅಂದಳು. “ನಾವು ಐತವಾರ ಬರ್ತೀವಿ.”

ನಾನು ನೇರ ಸಾವಕಾರ್ರ ಹತ್ತಿರ ಹೋಗಿ, ಪಿಚ್ಚರ್ ಓಡುತ್ತದೆ ಅಂದೆ. ಯಾರು ಹೇಳಿದರು ಅಂತ ಕೇಳಿದರು. ನಮ್ಮ ದೊಡ್ಡವ್ವ ಅಂದೆ. ಸಾವಕಾರ್ರು ಕೈಲಿದ್ದ ಕಾಳನ್ನು ಚೀಲಕ್ಕೆ ಹಾಕಿದರು.

“ತೊಗರಿ ರೇಟು ಹೇಳೋರೂ ಹಿಂಗೇ ಯಾರದರ ದೊಡ್ಡವ್ವನ್ನ ಕೇಳಿ ಹೇಳ್ತಿರಬೇಕು,” ಅಂದು ಸಿನಿಮಾ ತರಿಸಿದರು.

ಕುಬಸ

ಶುಕ್ರವಾರ ಜನಕ್ಕಿಂತ ಫ್ಯಾನುಗಳೇ ಹೆಚ್ಚಿದ್ದವು. ಶನಿವಾರ ಫ್ಯಾನು ಹಾಕುವ ಪ್ರಸಂಗವೂ ಬರಲಿಲ್ಲ. ಐತವಾರ ಬೆಳಿಗ್ಗೆ ಸಾವಕಾರ್ರು ಫೋನು ಮಾಡಿ, “ಮಧ್ಯಾಹ್ನ ಮಂಟಪದ ಗುತ್ತೇದಾರನ್ನ ಕರಕೊಂಡು ಬರ್ತೀನಿ, ಅಳತಿ ತಗೋಬೇಕು,” ಅಂದರು. ನನಗೆ ನಿಜವಾಗಿಯೂ ಅಳು ಬಂತು. ಆ ಕತ್ತಲೆಯ ಹಾಲ್ ಬಿಟ್ಟರೆ ನನಗೆ ಬೇರೆ ಲೋಕವೇ ಗೊತ್ತಿಲ್ಲ.

ಮ್ಯಾಟಿನಿ ಹೊತ್ತಿಗೆ ಗೇಟಿನಲ್ಲಿ ಗದ್ದಲ. ಓಡಿ ಹೋಗಿ ನೋಡಿದರೆ ಕಮಲಾಪುರದ ಟಂಟಂ ಆಟೋಗಳು ಸಾಲಾಗಿ ನಿಂತಿವೆ. ಹೆಂಗಸರೆಲ್ಲ ಟ್ರಂಕಿನೊಳಗಿನ ಸೀರೆ ಉಟ್ಟಿದ್ದಾರೆ. ತಲೆಯ ಮೇಲೆ ಬುತ್ತಿಯ ಬುಟ್ಟಿಗಳು. ಹೋಳಿಗೆ, ಸಜ್ಜೆ ರೊಟ್ಟಿ, ಎಣ್ಣೆಗಾಯಿ ವಾಸನೆ ಟಿಕೆಟ್ ಕಿಟಕಿಯವರೆಗೂ ಬರುತ್ತಿದೆ. ಮುಂದೆ ದೊಡ್ಡವ್ವ, ಕೈಯಲ್ಲಿ ಹಸಿರು ಸೀರೆ, ಹಿಂದೆ ಒಬ್ಬಾಕೆಯ ಕಂಕುಳಲ್ಲಿ ಕೆಂಪು ಬಾಳೆಗೊನೆ.

“ಹೊರಗಿನ ಊಟ ಒಳಗ ಬಿಡಂಗಿಲ್ರೀ,” ಅಂದ ಗೇಟ್‌ಕೀಪರ್.

“ನಾವು ತವರಿನವರು. ಬರಿಗೈಲೆ ಬರಬೇಕೇನು?”

“ದೊಡ್ಡವ್ವ, ಅದು ಸಿನಿಮಾ,” ಅಂದೆ ನಾನು.

“ಸಿನಿಮಾ ಅಂತ ನನಗೂ ಗೊತ್ತದ. ಆದರ ಕುಬಸ ಕುಬಸಾನೇ. ಸರಿ ಅತ್ತಾಗ.”

ಗೇಟ್‌ಕೀಪರ್ ಸರಿದ. ನಾನೂ ಸರಿದೆ.

ಕುಬಸದ ಹಾಡು ಬಂತು. ದೊಡ್ಡವ್ವನ ಬಳಗ ಎದ್ದು ಪರದೆಯ ಮುಂದೆ ನಿಂತು ಆರತಿ ಎತ್ತಿತು. ಆಮೇಲೆ ಒಂದು ಪೇಚಾಯಿತು. ಹಸಿರು ಸೀರೆ ಕೊಡುವುದು ಯಾರಿಗೆ? ದೊಡ್ಡವ್ವ ಹಾಲಿನ ಕಡೆ ತಿರುಗಿ ಕೂಗಿದಳು, “ಇಲ್ಲಿ ಯಾರರ ಚೊಚ್ಚಲ ಬಸುರಿ ಅದಾರೇನ್ರೇ ಯವ್ವಾ?”

“ಅದಾಳ್ರೀ! ನಮ್ಮ ಸೊಸಿ!” ಅಂತ ಕುಸನೂರಿನ ಅತ್ತೆ ಎದ್ದು ನಿಂತರು.

ಸಣ್ಣ ಸೊಸೆಯನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂಡಿಸಿ ಉಡಿ ತುಂಬಿದರು. ಮೇಲೆ ಹೀರೋಯಿನ್‌ಗೆ ಕುಬಸ, ಕೆಳಗೆ ಈಕೆಗೆ ಕುಬಸ. ಕಮಲಾಪುರದ ಹಾಡಿನ ಮುಂದೆ ಸಿನಿಮಾದ ಹಾಡು ಕೇಳಿಸಲೇ ಇಲ್ಲ. ಹುಡುಗಿ ದೊಡ್ಡವ್ವನ ಹೆಗಲಿಗೆ ಒರಗಿ ಅತ್ತಳು. ಅತ್ತೆ, ಹಿರೀ ಸೊಸೆ ಇಬ್ಬರಿಗೂ ಬುದ್ಧಿ ಬಂತೋ ಏನೋ, ಒಂದೇ ಎಲೆಯಲ್ಲಿ ಹೋಳಿಗೆ ತಿಂದರು. ರೋಜಾದ ಚಾಚಾನೂ ಬಂದಿದ್ದರು. ಹೋಳಿಗೆ ಕುಳಿತಲ್ಲಿಗೇ ಬಂದದ್ದರಿಂದ ಜೀವನದಲ್ಲಿ ಮೊದಲ ಸಲ ಒಂದು ಹಾಡು ಮುಗಿಯುವವರೆಗೂ ಕುಳಿತಿದ್ದರು.

ಅದೇ ಹೊತ್ತಿಗೆ ಸಾವಕಾರ್ರು ಗುತ್ತೇದಾರನೊಂದಿಗೆ ಒಳಗೆ ಬಂದರು. ಗುತ್ತೇದಾರ ಟೇಪು ಕೈಯಲ್ಲಿ ಹಿಡಿದು ಸುತ್ತಲೂ ನೋಡಿದ.

“ಸಾವಕಾರ್ರ, ಇಲ್ಲಿ ಆಗ್ಲೇ ಕಾರ್ಯ ನಡದದಲ್ರೀ. ಇನ್ನ ನಾ ಏನು ಕಟ್ಟಬೇಕು?”

ದೊಡ್ಡವ್ವ ಸಾವಕಾರ್ರ ಕೈಗೆ ಹೋಳಿಗೆ ಇಟ್ಟಳು. ಅವರು ತೊಗರಿ ಕಡಿದಂತೆ ಅಂಚು ಕಡಿದು, ಹಾಲ್ ನೋಡಿ, “ಮಾಲು ಚಲೋ ಅದ,” ಅಂದರು. ಸುದ್ದಿ ಫೋನಿನಿಂದ ಫೋನಿಗೆ ಹಾರಿ, ಸಂಜೆಯ ಆಟಕ್ಕೆ ಕ್ಯಾಂಟೀನಿನವನು ಹಂಡೆಗೆ ಬೇರೆ ಮುಚ್ಚಳ ಹುಡುಕಬೇಕಾಯಿತು.

ಹೊರಡುವಾಗ ದೊಡ್ಡವ್ವ ಹಾಲ್ ಬಾಗಿಲಲ್ಲಿ ನಿಂತಳು. “ಮುಂದಿನ ಭಾಗದಾಗ ಕೂಸು ಹುಟ್ಟತದ. ತೊಟ್ಟಲಾ ನಾವೇ ತರ್ತೀವಿ. ಎಲ್ಲಿ ಕಟ್ಟಬೇಕು, ಈಗೇ ನೋಡಿಡ್ರಿ.”

ನಾನು ನಕ್ಕೆ. ಸಾವಕಾರ್ರು ನಗಲಿಲ್ಲ. ಗುತ್ತೇದಾರನ ಕಡೆ ತಿರುಗಿ ಛಾವಣಿಯ ತೊಲೆ ತೋರಿಸಿದರು.

“ಟೇಪು ತಂದೀಯಲ್ಲ, ಹತ್ತು ಮ್ಯಾಲ. ತೂಗುವಾಗ ಪರದಿಗೆ ಅಡ್ಡ ಬರಬಾರದು ನೋಡು.”