ಕೆಂಪೆಲೆ ತೆಗೆದ ಕಥೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಮೂರು ಕಾಲಿನ ಕ್ಯಾಮೆರಾ ಹೊತ್ತು ಬೀದಿಗಿಳಿದು ನೋಡು ಎಂದು ಯಾಕೆ ಸೇರಿಸಲಿಲ್ಲವೋ ಗೊತ್ತಿಲ್ಲ. ಅದು ನನ್ನ ಕೈಗೆ ಬಂದಂದಿನಿಂದ ಒಂದಲ್ಲ ಒಂದು ಎಡವಟ್ಟು ತಪ್ಪಿದ್ದೇ ಇಲ್ಲ. ಅದರಲ್ಲೂ ಮೊಟ್ಟಮೊದಲ ಸಲದ್ದನ್ನು ನೆನೆದರೆ ಈಗಲೂ ಒಬ್ಬನೇ ಕೂತು ನಗುತ್ತೇನೆ. ಮನೆಯವರು ನನಗೆ ವಯಸ್ಸಾಯಿತು ಎಂದುಕೊಳ್ಳುತ್ತಾರೆ.

೧. ಉದುರುವ ಎಲೆಗೆ ಫೋಟೋ

ಯುದ್ಧದ ದಿನಗಳು. ಜಪಾನಿನವರು ಯುದ್ಧಕ್ಕಿಳಿದು ತಿಂಗಳಷ್ಟೇ ಆಗಿತ್ತು. ಈಗ ಶಿವಾಜಿನಗರ ಅನ್ನುತ್ತೀರಲ್ಲ, ದಂಡು ಪ್ರದೇಶದ ಆ ಭಾಗದಲ್ಲಿದ್ದ ಒಂದು ಸ್ಟುಡಿಯೋದಲ್ಲಿ ನನಗೆ ಕೆಲಸ. ಕೆಲಸ ಅಂದರೆ ಕ್ಯಾಮೆರಾ ಮುಟ್ಟುವುದಲ್ಲ. ಆಗೆಲ್ಲ ಕಪ್ಪು ಬಿಳುಪಿನ ಫೋಟೋ. ಅದರ ಮೇಲೆ ಕುಂಚ ಹಿಡಿದು ಸೀರೆಗೆ ಹಸಿರು, ತುಟಿಗೆ ಕೆಂಪು ಬಳಿಯುವುದು ನನ್ನ ಪಾಲಿನದು. ಐದು ವರ್ಷ ಊರವರ ಕೆನ್ನೆಗೆಲ್ಲ ಬಣ್ಣ ಹಚ್ಚಿ ನನ್ನ ಕೆನ್ನೆಯೇ ಬತ್ತಿಹೋಗಿತ್ತು.

ಒಂದು ದಿನ ಕುಕ್ ಟೌನಿನಿಂದ ಒಬ್ಬ ದೊರೆಸಾನಿ ಬಂದರು. ತೀರಿಕೊಂಡ ಅವರ ಗಂಡ ಹಿಂದೆ ಹೆಂಡತಿಯನ್ನೂ ಕರೆದುಕೊಂಡು ಜಪಾನಿಗೆ ಹೋಗಿಬಂದು, ಬಂಗಲೆಯ ಹಿಂದೆ ಅಲ್ಲಿಯ ಥರವೇ ಒಂದು ತೋಟ ಮಾಡಿದ್ದರಂತೆ. ಪುಟ್ಟ ಕೊಳ, ಬಾಗಿದ ಸೇತುವೆ, ಕಲ್ಲಿನ ದೀಪ. ಜಪಾನಿನಲ್ಲಿ ಚಳಿಗಾಲಕ್ಕೆ ಮುಂಚೆ ಮರಗಳೆಲ್ಲ ಕೆಂಪಾಗುತ್ತವಂತೆ, ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋಗುತ್ತಾರಂತೆ. ಆ ಮರ ನಮ್ಮ ಮಣ್ಣಿನಲ್ಲಿ ಮೂರು ಸಲ ಸತ್ತ ಮೇಲೆ ದೊರೆ ಸೋತು, ಕೊಳದ ಪಕ್ಕ ಒಂದು ಬಾದಾಮಿ ಮರ ನೆಟ್ಟರು. ಸಂಕ್ರಾಂತಿಯ ಹೊತ್ತಿಗೆ ಅದರ ಎಲೆಯೂ ಕುಂಕುಮದ ಬಣ್ಣಕ್ಕೆ ತಿರುಗುತ್ತದಲ್ಲ. ಈಗ ಬಂಗಲೆಯನ್ನು ಮಿಲಿಟರಿಗೆ ಬಿಟ್ಟುಕೊಡಬೇಕಾಗಿತ್ತು. ಸೋಮವಾರ ದೊರೆಸಾನಿ ನೀಲಗಿರಿಯ ಮಗಳ ಮನೆಗೆ ಹೊರಡುವವರು. ಅಷ್ಟರೊಳಗೆ ಆ ಕೆಂಪು ಮರದ ಚಿತ್ರ ಬೇಕು, ಬಣ್ಣ ತುಂಬಿಸಿ.

ನಮ್ಮ ಮಾಸ್ಟರಿಗೆ ಸೊಂಟ ಹಿಡಿದಿತ್ತು. ವಿಧಿಯಿಲ್ಲದೆ ನನ್ನನ್ನು ಕರೆದು, ಇದೊಂದು ಸರಿಯಾಗಿ ತಂದರೆ ಇನ್ನು ಮೇಲೆ ಕ್ಯಾಮೆರಾದ ಹತ್ತಿರ ನೀನು, ಕೆಡಿಸಿದರೆ ಸಾಯುವತನಕ ಕುಂಚ ಎಂದರು. ಯುದ್ಧದಿಂದಾಗಿ, ಚಿತ್ರ ಮೂಡುವ ಗಾಜಿನ ಪ್ಲೇಟುಗಳಿಗೆ ಬರ. ಒಂದು ಪ್ಲೇಟಿಗೆ ಒಂದೇ ಚಿತ್ರ. ನಾಲ್ಕೇ ನಾಲ್ಕು ಕೊಟ್ಟರು. ನಾನು ಸ್ಟುಡಿಯೋದಿಂದ ಮನೆಗೆ ಓಡಿಕೊಂಡೇ ಹೋದೆ. ಕಾಲು ನೆಲದ ಮೇಲಿತ್ತೋ ಇಲ್ಲವೋ ನನಗೇ ತಿಳಿಯದು.

ಅಮ್ಮನಿಗೆ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತಾ ಕೇಳಿಸಿಕೊಂಡು, "ಉದುರೋ ಎಲೆಗೆ ಫೋಟೋನಾ? ಐದು ವರ್ಷದಿಂದ ನನ್ನದೊಂದು ತೆಗ್ಸು ಅಂತಿದೀನಿ. ಈಗ ಗೊತ್ತಾಯ್ತು ಬಿಡು, ನಾನೂ ಉದುರೋ ಹಾಗಾಗ್ಲಿ ಅಂತ ಕಾಯ್ತಿದೀಯ" ಎಂದಳು.

೨. ಜಪಾನಿಗೆ ಜಟಕಾ

ಶುಕ್ರವಾರ ಮಧ್ಯಾಹ್ನ ಕ್ಯಾಮೆರಾ, ಪ್ಲೇಟು, ಕಪ್ಪು ಬಟ್ಟೆ ಸುತ್ತಿದ ಮೂರು ಕಾಲು ಎಲ್ಲವನ್ನೂ ಒಂದು ಜಟಕಾಕ್ಕೆ ಏರಿಸಿದೆ. ಜಟಕಾದ ಸಾಬರಿಗೆ ಕುಕ್ ಟೌನ್ ಎಂದಷ್ಟೇ ಹೇಳಿದ್ದೆ. ರೈಲ್ವೆ ಗೇಟಿನ ಹತ್ತಿರ ಒಬ್ಬ ಪೊಲೀಸು ಗಾಡಿ ನಿಲ್ಲಿಸಿದ. ಕಪ್ಪು ಬಟ್ಟೆಯೊಳಗಿನ ಉದ್ದನೆಯ ಗಂಟು ಅವನ ಕಣ್ಣಿಗೆ ಬಿದ್ದಿತ್ತು. ಎಲ್ಲಿಗೆ ಎಂದು ಕೇಳಿದ.

ನನಗೋ ಹೆಮ್ಮೆ ಉಕ್ಕಿ ಹರಿಯುತ್ತಿತ್ತು. ಎದೆಯುಬ್ಬಿಸಿ, "ಜಪಾನ್ ತೋಟಕ್ಕೆ" ಎಂದೆ.

ಆ ದಿನಗಳಲ್ಲಿ ದಂಡಿನಲ್ಲಿ ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಪೊಲೀಸು ಎರಡು ಹೆಜ್ಜೆ ಹಿಂದೆ ಸರಿದು, ನಮ್ಮಿಬ್ಬರನ್ನೂ ಇಳಿಸಿ ರಸ್ತೆ ಪಕ್ಕ ಕೂರಿಸಿದ. ಗಂಟು ಬಿಚ್ಚಿಸಿದ. ಮೂರು ಕಾಲು ನಿಲ್ಲಿಸಿ ತೋರಿಸಿದೆ, ದೊರೆಸಾನಿ ಬರೆದುಕೊಟ್ಟಿದ್ದ ಚೀಟಿ ಕೊಟ್ಟೆ. ಚೀಟಿಯನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ಓದಿ, ಕೊನೆಗೆ ಹೋಗಿ ಎಂದ.

ಗೇಟು ದಾಟಿ ಸ್ವಲ್ಪ ದೂರ ಬಂದ ಮೇಲೆ ಸಾಬರು ಕುದುರೆಯ ಬೆನ್ನು ತಟ್ಟಿ, ಬೇಸರದಿಂದ ನನ್ನ ಕಡೆ ತಿರುಗಿದರು. "ಕ್ಯಾ ಸಾಮಿ, ಜಪಾನ್‌ಗೆ ಅಂತ ಮೊದ್ಲೇ ಹೇಳ್ಬಾರ್ದಾ? ಕುದ್ರೆಗೆ ಇನ್ನೊಂದು ಕಟ್ಟು ಹುಲ್ಲು ಹಾಕ್ತಿದ್ದೆ."

೩. ಸ್ವಲ್ಪ ನಗಿ

ತೋಟ ನೋಡಿದವನೇ ಕ್ಯಾಮೆರಾ ಕೆಳಗಿಟ್ಟು ನಿಂತುಬಿಟ್ಟೆ. ಬಿಸಿಲು ಎಲೆಗಳ ಹಿಂದಿನಿಂದ ಬೀಳುತ್ತಿತ್ತು. ಮರಕ್ಕೆ ಮರವೇ ಕೆಂಪು, ಕೊಳದ ನೀರೂ ಕೆಂಪು. ಐದು ವರ್ಷ ಡಬ್ಬಿಯ ಬಣ್ಣ ಕಲಸಿದವನು ನಾನು, ಇಂಥ ಕೆಂಪು ಯಾವ ಡಬ್ಬಿಯಲ್ಲೂ ಇರಲಿಲ್ಲ. ಪ್ಲೇಟಿಗೆ ಈ ಬಣ್ಣ ಹತ್ತುವುದಿಲ್ಲ, ನಾನೇ ನೆನಪಿಟ್ಟುಕೊಂಡು ಬಳಿಯಬೇಕು. ಕಣ್ಣು ಮಿಟುಕಿಸಲೂ ಭಯವಾಯಿತು.

ಮೊದಲ ಪ್ಲೇಟು ಹಾಕಿ ಕ್ಯಾಮೆರಾದ ಮುಚ್ಚಳ ತೆಗೆದೆ, ಗಾಳಿ ಬಂತು. ಸಾವಿರ ಎಲೆ ಒಟ್ಟಿಗೆ ತಲೆಯಾಡಿಸಿದವು. ಆ ಪ್ಲೇಟು ಹೋಯಿತು. ಎರಡನೆಯದು ಹಾಕಿ ಗಾಳಿ ನಿಲ್ಲುವುದನ್ನೇ ಕಾದೆ. ನಿಂತಿತು. ಆ ಸಂಭ್ರಮಕ್ಕೆ, ಸ್ಟುಡಿಯೋದಲ್ಲಿ ಮಾಸ್ಟರು ದಿನಕ್ಕೆ ಇಪ್ಪತ್ತು ಸಲ ಹೇಳುವ ಮಾತು ನನ್ನ ಬಾಯಿಗೆ ತಾನಾಗಿ ಬಂದುಬಿಟ್ಟಿತು. "ಅಲ್ಲಾಡ್ಬೇಡಿ, ಸ್ವಲ್ಪ ನಗಿ" ಎಂದು ಮರಕ್ಕೆ ಹೇಳಿ, ಮುಚ್ಚಳ ತೆಗೆದೆ.

ಮರದ ಹಿಂದಿನಿಂದ ಬಂಗಲೆಯ ಬಟ್ಲರ್ ಹೊರಬಂದ. ತಲೆಗೆ ಹಬ್ಬದ ರುಮಾಲು, ಸೊಂಟಕ್ಕೆ ಪಟ್ಟಿ. ಮರದ ಮುಂದೆ ನೆಟ್ಟಗೆ ನಿಂತು, ಮೂವತ್ತೆರಡೂ ಹಲ್ಲು ಬಿಟ್ಟ. ಎರಡನೇ ಪ್ಲೇಟೂ ಹೋಯಿತು.

ನಾನು ತಲೆ ಮೇಲೆ ಕೈಹೊತ್ತು ಕೂತೆ. ಅವನು ಹತ್ತಿರ ಬಂದು ಮೆಲ್ಲಗೆ, "ಬೇಜಾರು ಮಾಡ್ಕೋಬೇಡಿ ಸಾರ್. ಮರ ಹೆಂಗೂ ನಗಲ್ಲ, ನನಗೇ ಹೇಳಿದ್ರಿ ಅಂದ್ಕೊಂಡೆ" ಎಂದ.

೪. ತೆಗೀಬೇಕು

ಅಷ್ಟರಲ್ಲಿ ಮೋಡ ಕವಿಯಿತು. ಶನಿವಾರವೂ ಬಿಸಿಲಿಲ್ಲ. ಉಳಿದದ್ದು ಭಾನುವಾರ ಒಂದು ಬೆಳಿಗ್ಗೆ, ಎರಡು ಪ್ಲೇಟು.

ಶನಿವಾರ ಹೋಗಿ ಬರಿಗೈಯಲ್ಲಿ ಹೊರಡುವಾಗ ತೋಟದ ಮಾಲಿಗೆ ಒಂದು ಮಾತು ಹೇಳಿ ಬಂದಿದ್ದೆ. ಮಾಲಿ ದೊಡ್ಡನೆಕ್ಕುಂದಿಯವನು, ನನಗಿಂತ ಇಪ್ಪತ್ತು ವರ್ಷ ಹಿರಿಯ, ಎರಡೂ ಕಿವಿ ಮುಟ್ಟುವ ಗಿರಿಜಾ ಮೀಸೆಯ ನಿಷ್ಠಾವಂತ. ನಾನು ಹೇಳಿದ್ದು ಇಷ್ಟೇ: "ಅಣ್ಣಾ, ಭಾನುವಾರ ಬಿಸಿಲೇರೋದ್ರೊಳಗೆ ಕೆಂಪೆಲೆ ಎಲ್ಲಾ ತೆಗೀಬೇಕು. ಬೇಗ ಗೇಟು ತೆಗೆದಿಡಿ."

ಭಾನುವಾರ ಎಳೆಬಿಸಿಲು ಬಿದ್ದಿತ್ತು, ಗಾಳಿಯ ಸುಳಿವಿಲ್ಲ. ಜಟಕಾ ನಿಲ್ಲುವ ಮೊದಲೇ ಹಾರಿದೆ. ಗೇಟು ತೆರೆದಿತ್ತು. ಬಂಗಲೆಯ ಹಿಂದಕ್ಕೆ ಓಡಿದೆ.

ಮರದ ಮೇಲೆ ಒಂದೇ ಒಂದು ಎಲೆ ಇರಲಿಲ್ಲ. ಕೆಳಗೂ ಇರಲಿಲ್ಲ. ನೆಲ ಗುಡಿಸಿ ನೀರು ಚಿಮುಕಿಸಿತ್ತು. ಬೋಳು ಮರದ ಪಕ್ಕ ಮಾಲಿ ಏಣಿ ಹಿಡಿದು ನಿಂತಿದ್ದ. ಮುಖದ ತುಂಬ ಕೃತಾರ್ಥತೆ.

"ನೀವು ಹೇಳಿದಂಗೇ ಸಾಮಿ. ಗೇಟೂ ತೆಗ್ದಿದೀನಿ, ಎಲೇನೂ ತೆಗ್ದಿದೀನಿ. ಭಾಮೈದನ್ನೂ ಕರ್ಕೊಂಡು ಬಂದಿದ್ದೆ, ಒಂದೂ ಬಿಟ್ಟಿಲ್ಲ."

ನನಗೆ ಅಳು ಬಂತು. ನಾಚಿಕೆಯಿಲ್ಲದೆ ಹೇಳುತ್ತೇನೆ, ನಿಜವಾಗಿಯೂ ಅಳು ಬಂತು. ಬೈಯೋಣವೆಂದರೆ ತಪ್ಪು ಅವನದಲ್ಲ, ತೆಗೀಬೇಕು ಎಂದವನು ನಾನೇ. ಎಲೆ ಎಲ್ಲಿ ಎಂದು ಕೇಳಿದೆ. ಸ್ನಾನದ ನೀರು ಕಾಯಿಸುವ ಹಂಡೆ ಒಲೆಯ ಪಕ್ಕ ನಾಲ್ಕು ಗೋಣಿಚೀಲ ತೋರಿಸಿದ. ಬಟ್ಲರ್ ಒಲೆಗೆ ಬೆಂಕಿಕಡ್ಡಿ ಗೀರುತ್ತಿದ್ದ. ನಾನು ಬಿದ್ದಂಬೀಳ ಓಡಿ ಚೀಲಗಳನ್ನು ತಬ್ಬಿಕೊಂಡೆ.

ಆಮೇಲೆ ಮೂವರೂ ಸೇರಿ ನಾಲ್ಕು ಚೀಲವನ್ನೂ ಮರದ ಬುಡದಲ್ಲಿ ಸುರಿದು, ಕೈಯಲ್ಲಿ ಹರಡಿದೆವು. ಹುಲ್ಲಿನ ಮೇಲೆ, ಸೇತುವೆಯ ಮೇಲೆ, ಕಲ್ಲು ದೀಪದ ತಲೆಯ ಮೇಲೆ. ನೂರಾರು ಎಲೆ ಕೊಳದಲ್ಲಿ ತೇಲಿದವು. ಕೊನೆಯ ಹಿಡಿ ಹಾಕುವಷ್ಟರಲ್ಲಿ ದೊರೆಸಾನಿ ಬಾಗಿಲು ತೆಗೆದು ಹೊರಬಂದರು.

ಅವರು ಸೇತುವೆಯವರೆಗೆ ನಡೆದುಬಂದರು. ಕರವಸ್ತ್ರದಿಂದ ಕಣ್ಣೊರೆಸಿಕೊಂಡು, ತಮ್ಮ ಅರೆಬರೆ ಕನ್ನಡದಲ್ಲಿ, ತಾವು ಗಂಡನ ಜೊತೆ ನೋಡಿದ ಕೊನೇ ದಿನ ಜಪಾನಿನಲ್ಲಿ ಹೀಗೇ ಇತ್ತು, ಎಲ್ಲ ಎಲೆಯೂ ಕೆಳಗೆ, ಹೀಗೇ ಎಂದರು. ನಾನು ಉಸಿರು ಬಿಗಿಹಿಡಿದು ಮೂರನೇ ಪ್ಲೇಟು ತೆಗೆದೆ. ಒಂದು ಎಲೆಯೂ ಅಲ್ಲಾಡಲಿಲ್ಲ.

ಒಂದೇ ರಾತ್ರಿಯಲ್ಲಿ ಎಲ್ಲ ಉದುರಿದ್ದು ಹೇಗೆ ಎಂದು ದೊರೆಸಾನಿ ಕೇಳಿದರು. ಗಾಳಿ ಎಂದೆ. ಮಾಲಿಗೆ ಅದನ್ನು ಸಹಿಸಲಾಗಲಿಲ್ಲ. "ಗಾಳಿ ಅಲ್ಲ ಅಮ್ಮಣ್ಣಿ, ನಾನು. ಕೈಯಾರೆ" ಎಂದು ನಡೆದದ್ದನ್ನೆಲ್ಲ ಒಪ್ಪಿಸಿಬಿಟ್ಟ. ದೊರೆಸಾನಿ ಸೇತುವೆಯ ಕಟಕಟೆ ಹಿಡಿದುಕೊಂಡು ನಕ್ಕರು. ನಕ್ಕು ಸುಸ್ತಾಗಿ, ಉಳಿದ ಪ್ಲೇಟು ಇವನಿಗೇ ಆಗಲಿ ಎಂದರು.

ನನಗೂ ಖುಷಿ ಹೆಚ್ಚಾಗಿತ್ತು. "ಬನ್ನಿ ಅಣ್ಣಾ, ಆ ಮೀಸೆ ಚೆನ್ನಾಗಿ ತೆಗೀತೀನಿ" ಎಂದು ಮುಚ್ಚಳ ತೆಗೆದೆ.

ಸೋಮವಾರ ಬೆಳಿಗ್ಗೆ, ದೊರೆಸಾನಿಯ ರೈಲಿಗೆ ಮುಂಚೆ, ಮಾಸ್ಟರು ಎರಡೂ ಚಿತ್ರಗಳನ್ನು ಮುಂದಿಟ್ಟುಕೊಂಡು ಕೂತರು. ನಾನು ಬಣ್ಣ ತುಂಬಿದ್ದ ಮೊದಲನೆಯದನ್ನು ತಿರುಗಿಸಿ ಮುರುಗಿಸಿ ನೋಡಿ ತಲೆದೂಗಿದರು. ಎರಡನೆಯದರಲ್ಲಿ ಒಬ್ಬ ಗಟ್ಟಿಮುಟ್ಟಾದ ಗಂಡಸು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಭಯದಿಂದ ಕಣ್ಣರಳಿಸಿ ನಿಂತಿದ್ದ. ಇವನಿಗೆ ಹಲ್ಲುನೋವೇ ಎಂದು ಕೇಳಿದರು. ಅಲ್ಲ, ಮೀಸೆ ಕಾಪಾಡಿಕೊಳ್ಳುತ್ತಿದ್ದಾನೆ ಎಂದು ಮೊದಲಿನಿಂದ ಕೊನೆಯವರೆಗೆ ಕಥೆ ಹೇಳಿದೆ.

ಮಾಸ್ಟರು ಹಿಡಿದ ಸೊಂಟವನ್ನೂ ಮರೆತು ನಕ್ಕರು. ಆಮೇಲೆ ಮುಖ ಬಿಗಿಮಾಡಿಕೊಂಡು ಹೇಳಿದರು: "ಇವತ್ತಿಂದ ಕ್ಯಾಮೆರಾ ಹತ್ರ ನೀನೇ ನಿಲ್ಲಪ್ಪ. ಆದ್ರೆ ಗಿರಾಕಿಗಳ ಹತ್ರ ಮಾತು ಮಾತ್ರ ನಾನೇ ಆಡ್ತೀನಿ."