ಮೀಟರಿನ ಹಣೆಗೊಂದು ಟಿಕಳಿ

ಮುಂಜಾನೆ ಲಿಂಗಪೂಜೆಗೆ ಕುಳಿತಾಗ ಶಿವನ ಹತ್ತಿರ ನಾನು ಬೇಡುವುದು ಒಂದೇ: ಇವತ್ತು ನನ್ನ ಲ್ಯಾಬಿನಲ್ಲಿ ಏನೂ ಆಗದಿರಲಿ. ಆತ ಕರುಣಾಳು, ಎಲ್ಲರ ಮಾತೂ ಕೇಳುತ್ತಾನೆ. ಈ ಒಂದು ಮಾತನ್ನು ಮಾತ್ರ ಯಾಕೋ ಇನ್ನೂ ಕಿವಿಗೆ ಹಾಕಿಕೊಂಡಿಲ್ಲ. ಧಾರವಾಡದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಲ್ಯಾಬ್ ನೋಡಿಕೊಳ್ಳುವವಳು ನಾನು. ನವನಗರದಿಂದ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಪಂಚಾಕ್ಷರಿ ಜಪಿಸುತ್ತೇನೆ. ಕಾಲೇಜು ಮುಟ್ಟುವ ಹೊತ್ತಿಗೆ ಮನಸ್ಸು ತಿಳಿಯಾಗಿರುತ್ತದೆ, ಲ್ಯಾಬಿನ ಬೀಗ ತೆಗೆಯುವ ತನಕ.

೧. ತೆರವಾದ ಲ್ಯಾಬ್

ಒಂದು ದಿನ ವಿಭಾಗದ ಮುಖ್ಯಸ್ಥರು ಕರೆದು, ಗರಗದ ಹುಡುಗಿಯೊಬ್ಬಳು ಬಿ.ಎಸ್ಸಿ.ಗೆ ಸೇರಿದ್ದಾಳೆ, ಆಕೆಗೆ ಕಣ್ಣು ಕಾಣಿಸುವುದಿಲ್ಲ ಎಂದರು. ಬಿ.ಎ. ಮಾಡು ಎಂದು ಎಲ್ಲರೂ ಹೇಳಿದರೂ ಕೇಳದೆ, ವಿಜ್ಞಾನವೇ ಬೇಕೆಂದು ಹಟ ಹಿಡಿದು ಬಂದವಳಂತೆ.

“ಪ್ರಾಕ್ಟಿಕಲ್ ಪರೀಕ್ಷಾ ಆಕಿ ತನ್ನ ಕೈಯಿಂದನ ಮಾಡಬೇಕ್ರಿ ಮೇಡಂ,” ಎಂದರು. “ಹೊರಗಿನ ಪರೀಕ್ಷಕರು ಒಪ್ಪಲಿಲ್ಲಂದ್ರ ಬಿ.ಎ.ಗೆ ಕಳಸೂದು. ಆಮ್ಯಾಲೆ ನನ್ನ ಕೈಯಾಗ ಏನೂ ಇರಂಗಿಲ್ಲ.”

ಅವರ ಕೈಯಲ್ಲಿ ಇಲ್ಲದ್ದೆಲ್ಲ ಆ ಕ್ಷಣದಿಂದ ನನ್ನ ಎದೆಯ ಮೇಲೆ ಬಂದು ಕುಳಿತಿತು. ಗಾಜಿನ ಸಾಮಾನು, ಬಿಸಿಯಾಗುವ ತಂತಿ, ಕಾಲಿಗೆ ತೊಡರುವ ಸ್ಟೂಲು, ಎಲ್ಲವೂ ಯಮದೂತರ ಹಾಗೆ ಕಾಣತೊಡಗಿದವು. ಆಕೆ ಬರುವ ದಿನ ನಾನು ಮುಂಚೆಯೇ ಹೋಗಿ, ಇದ್ದಬದ್ದ ಸಾಮಾನನ್ನೆಲ್ಲ ಕಪಾಟಿಗೆ ತುಂಬಿ ಬೀಗ ಜಡಿದೆ. ಸ್ಟೂಲುಗಳನ್ನು ವರಾಂಡಕ್ಕೆ ಹಾಕಿಸಿದೆ. ಟೇಬಲ್ಲುಗಳನ್ನು ಗೋಡೆಗೆ ಒತ್ತಿಸಿದೆ.

ಹುಡುಗಿ ಬಂದಳು. ಕೋಲಿನಿಂದ ನೆಲ ಕುಟ್ಟಿದಳು. ಸದ್ದು ನಾಲ್ಕೂ ಗೋಡೆಗೆ ಬಡಿದು ವಾಪಸು ಬಂತು.

“ಮದವಿ ಹಾಲ್ ಛಲೋ ಐತ್ರಿ ಮೇಡಂ,” ಎಂದಳು. “ಲ್ಯಾಬ್ ಎಲ್ಲೈತ್ರಿ?”

ನಾಚಿಕೆಯಾಗಿ ನಿಜ ಹೇಳಿದೆ. ಆಕೆ ಬೇಸರಪಡಲಿಲ್ಲ. ಸಾಮಾನು ಹೊರಗಿಡಿ, ಇಟ್ಟ ಜಾಗ ಮಾತ್ರ ದಿನಾ ಬದಲಿಸಬೇಡಿ, ಒಂದೆರಡು ಸಲ ಹಾಯ್ದು ಕಲಿಯುತ್ತೇನೆ ಎಂದಳು. ಸರಿ, ಮತ್ತೆ ಎಲ್ಲ ಹೊರಗೆ ಬಂತು. ಎಲ್ಲಿ ಆಕೆ ಎಡವುತ್ತಾಳೋ ಎಂದು ಆಕೆಯ ಕಾಲನ್ನೇ ನೋಡುತ್ತ ಹಿಂದೆ ಹಿಂದೆ ಸರಿಯುತ್ತಿದ್ದ ನಾನು ಸ್ಟೂಲಿಗೆ ತೊಡರಿ ದಪ್ಪೆಂದು ಕುಳಿತೆ. ಹುಡುಗಿ ಸದ್ದು ಬಂದ ಕಡೆಗೆ ಕೈ ಚಾಚಿ ನನ್ನನ್ನು ಎಬ್ಬಿಸಿದಳು.

“ನಿಮಗೂ ಒಂದು ಕೋಲು ತರಲೇನ್ರಿ ಮೇಡಂ?”

೨. ಪೂಜೆಯ ಹೊತ್ತಿನ ಅಶರೀರವಾಣಿ

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ವಿದ್ಯುತ್ ಅಳೆದು ಮಾತಾಡುವ ಮೀಟರ್ ಕಳಿಸಿದ. ಅದರ ತಂತಿಗಳನ್ನು ತಾಗಿಸಿದರೆ ಸಾಕು, ಅಳತೆ ಎಷ್ಟೆಂದು ಹೆಣ್ಣಿನ ದನಿಯಲ್ಲಿ ಗಟ್ಟಿಯಾಗಿ ಹೇಳುತ್ತದೆ. ಹುಡುಗಿಗೆ ಕಲಿಸಬೇಕಾದರೆ ಮೊದಲು ನಾನು ಕಲಿಯಬೇಕಲ್ಲ. ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ದೆ. ಆದರೆ ಕಲಿಯುವುದಕ್ಕಿಂತ ಚಿಂತೆ ಮಾಡಿದ್ದೇ ಹೆಚ್ಚು. ಊಟವೂ ಸೇರಲಿಲ್ಲ.

ಮರುದಿನ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕಣ್ಣು ಮುಚ್ಚಿದೆ. ತಂದೆ, ಆ ಮಗುವನ್ನು ದಡ ಮುಟ್ಟಿಸುವ ಶಕ್ತಿ ನನ್ನಲ್ಲಿ ಇದೆಯೋ ಇಲ್ಲವೋ, ನೀನೇ ಹೇಳು ಎಂದು ಬೇಡಿಕೊಂಡೆ. ಬೆನ್ನ ಹಿಂದಿನಿಂದ ಸ್ಪಷ್ಟವಾದ ದನಿ ಕೇಳಿಸಿತು: “ಬ್ಯಾಟರಿ ಲೋ.”

ಮೈ ಜುಮ್ಮೆಂದಿತು. ಕಣ್ಣಲ್ಲಿ ನೀರು ಬಂತು. ಅದು ಚೀಲದೊಳಗಿನ ಮೀಟರು ಎಂದು ಹೊಳೆಯುವಷ್ಟರಲ್ಲಿ ಯಜಮಾನರು ಬಾಗಿಲಲ್ಲಿ ಬಂದು ನಿಂತಿದ್ದರು.

“ಖರೇನ ಹೇಳೈತಿ,” ಎಂದರು. “ನಿನ್ನೆಯಿಂದ ನೀ ಉಂಡಿಲ್ಲ. ಪೂಜಿ ಮುಗಿಸಿ ಏಳು, ರೊಟ್ಟಿ ತಿನ್ನು.”

ಮೀಟರು ಲ್ಯಾಬಿಗೆ ಬಂದ ಮೇಲೆ ಇನ್ನೊಂದು ಫಜೀತಿ. ಆ ವಾರ ಇಡೀ ತಂಡದ ರೀಡಿಂಗುಗಳು ದಶಾಂಶದ ಸಮೇತ ಒಂದೇ ಬಂದವು. ಹುಡುಗಿಯ ಮೀಟರು ಕೂಗಿದ್ದನ್ನೇ ಎಲ್ಲರೂ ಬರೆದುಕೊಂಡು ತಮ್ಮ ಮೀಟರನ್ನು ಮುಟ್ಟಿಯೇ ಇರಲಿಲ್ಲ. ಅದಕ್ಕೊಂದು ಇಯರ್‌ಫೋನ್ ಹಾಕಿಸಬೇಕಾಯಿತು. ಹುಡುಗಿ ಮಾತ್ರ ಬಹಳ ಖುಷಿಯಲ್ಲಿದ್ದಳು.

“ಸೈನ್ಸಿಗೆ ಹೋದ್ರ ಮಂದೀದು ಕಾಪಿ ಹೊಡಿಬೇಕಾಗತೈತಿ ಅಂತ ನಮ್ಮ ಕಾಕಾ ಹೆದರಿಸಿದ್ದ ನೋಡ್ರಿ. ಇಲ್ಲಿ ಕಣ್ಣಿದ್ದವರು ನಂದು ಹೊಡ್ಯಾಕತ್ತಾರ.”

೩. ಮೀಟರಿನ ಮದುವೆ

ಮೀಟರಿನ ನಡುವೆ ಒಂದು ತಿರುವುವ ಗುಂಡಿ ಇರುತ್ತದೆ. ವೋಲ್ಟ್ ಅಳೆಯಲು ಒಂದು ಕಡೆ, ಕರೆಂಟ್ ಅಳೆಯಲು ಇನ್ನೊಂದು ಕಡೆ ತಿರುಗಿಸಬೇಕು. ತಪ್ಪಿ ಕರೆಂಟಿನ ಮನೆಯಲ್ಲಿಟ್ಟು ವೋಲ್ಟ್ ಅಳೆದರೆ ಒಳಗಿನ ಫ್ಯೂಸ್ ಸುಟ್ಟು ಕೂರುತ್ತದೆ. ಸುತ್ತಲಿನ ಅಕ್ಷರಗಳೋ ಅಚ್ಚು ಹಾಕಿದವು, ಬೆರಳಿಗೆ ತಿಳಿಯುವುದಿಲ್ಲ. ಉಬ್ಬಿದ್ದೇನಾದರೂ ಅಂಟಿಸಿ ಎಂದಳು ಹುಡುಗಿ. ನನ್ನ ಪರ್ಸಿನಲ್ಲಿ ಹಣೆಗಿಡುವ ಹರಳಿನ ಟಿಕಳಿಯ ಪಾಕೀಟಿತ್ತು. ವೋಲ್ಟಿಗೆ ಒಂದು, ಕರೆಂಟಿಗೆ ಎರಡು, ರೋಧಕ್ಕೆ ಮೂರು ಟಿಕಳಿ ಅಂಟಿಸಿದೆ. ಹಣೆಗಾಗಿ ಹುಟ್ಟಿದ ವಸ್ತು ವಿಜ್ಞಾನಕ್ಕೆ ಒದಗಿತು. ಎಲ್ಲ ಶಿವನ ಲೀಲೆ.

ಉಳಿದ ಉಪಕರಣಗಳಿಗೂ ಬೇಕಲ್ಲ ಎಂದು ಇಬ್ಬರೂ ಸುಭಾಸ ರಸ್ತೆಯ ಬಳೆ ಅಂಗಡಿಗೆ ಹೋದೆವು. ಹುಡುಗಿ ಒಂದೊಂದೇ ಟಿಕಳಿಯನ್ನು ಬೆರಳಿನಿಂದ ಸವರಿ ಆರಿಸುತ್ತಿದ್ದಳು. ಅಂಗಡಿಯಾತ ಆಕೆ ತೊಟ್ಟ ಹಸಿರು ಚೂಡಿದಾರಕ್ಕೆ ಹಸಿರು ಟಿಕಳಿ ಒಪ್ಪುತ್ತದೆ ಎಂದ. ಬಣ್ಣ ಯಾವುದಾದರೂ ಆದೀತು, ಸ್ಪಿರಿಟ್ ಹಾಕಿ ಒರೆಸಿದರೂ ಬೀಳಬಾರದು ಎಂದಳು ಈಕೆ. ಹಣೆಗೆ ಯಾರಾದರೂ ಸ್ಪಿರಿಟ್ ಹಾಕುತ್ತಾರೆಯೇ ಎಂದು ಆತ ಗಾಬರಿಯಾದ. ಹಣೆಗಲ್ಲ, ಮೀಟರಿಗೆ ಎಂದು ನಾನು ಬಿಡಿಸಿ ಹೇಳಿದೆ. ಆತ ತಲೆಯಾಡಿಸಿ ಎಲ್ಲ ಕಟ್ಟಿಕೊಟ್ಟ. ನಾವು ಹೊರಡುವಾಗ ಮೆಲ್ಲಗೆ ಕೇಳಿದ:

“ಅಕ್ಕಾರ, ಲಗ್ನ ಯಾವಾಗ್ರಿ ಮೀಟರಿಂದು?”

ಮುಖ್ಯಸ್ಥರಿಗೆ ಮಾತ್ರ ನಗು ಬರಲಿಲ್ಲ. ಲ್ಯಾಬಿನ ತುಂಬ ಟಿಕಳಿ ಕಂಡು, ಇದು ನನ್ನದೇ ಯಾವುದೋ ವ್ರತ ಎಂದುಕೊಂಡರು. ಪರೀಕ್ಷಕರು ನೋಡಿದರೆ ಏನೆಂದಾರು, ಭಕ್ತಿಯನ್ನು ಮನೆಯಲ್ಲಿಟ್ಟು ಬನ್ನಿ ಎಂದರು. ಟಿಕಳಿಯ ಕೆಲಸ ವಿವರಿಸಿದ ಮೇಲೆ ಒಪ್ಪಿದರು. ಆದರೆ ಭಕ್ತಿಯನ್ನು ಮನೆಯಲ್ಲಿಡುವ ಆ ಮಾತು ಎಷ್ಟು ಸರಿಯೆಂದು ನನಗೆ ಗೊತ್ತಾದದ್ದು ಪರೀಕ್ಷೆಯ ದಿನ.

೪. ದೋಷದ ಮೂಲ

ಆ ದಿನ ಎಲ್ಲರಿಗಿಂತ ಮೊದಲು ಲ್ಯಾಬ್ ತೆರೆದೆ. ಹುಡುಗಿಯ ಟೇಬಲ್ಲಿನ ಮುಂದೆ ನಿಂತಾಗ ಮನಸ್ಸು ತಡೆಯಲಿಲ್ಲ. ಪೂಜೆ ಮಾಡಿ ಬಂದ ಬೆರಳನ್ನು ಪರ್ಸಿನಲ್ಲಿದ್ದ ವಿಭೂತಿ ಡಬ್ಬಿಯಲ್ಲಿ ಅದ್ದಿ, ಹೊಸ ಟಿಕಳಿಯೊಂದನ್ನು ತೆಗೆದು ಮೀಟರಿನ ಹಣೆಗೆ, ಅಂದರೆ ಗುಂಡಿಗಿಂತ ತುಸು ಮೇಲಿನ ಜಾಗಕ್ಕೆ, ಒತ್ತಿ ಕೈಮುಗಿದೆ. ಒಂದು ಶುಭ ಇರಲಿ ಅಂತ, ಅಷ್ಟೇ.

ಪರೀಕ್ಷಕರು ಬಂದರು. ನಕ್ಕು ಗೊತ್ತಿಲ್ಲದ ಮುಖ. ಸಿಬ್ಬಂದಿ ಯಾರೂ ವಿದ್ಯಾರ್ಥಿಗಳ ಜೊತೆ ಮಾತಾಡಕೂಡದು ಎಂದು ನನ್ನನ್ನು ಕಪಾಟಿನ ಪಕ್ಕ ನಿಲ್ಲಿಸಿ, ತಾವು ಹೋಗಿ ಹುಡುಗಿಯ ಎದುರೇ ಕುಳಿತರು. ಆಕೆ ತಂತಿ ಜೋಡಿಸಿದಳು, ಬೆರಳಿನಿಂದ ತಡವಿ ಇನ್ನೊಮ್ಮೆ ನೋಡಿಕೊಂಡಳು. ವೋಲ್ಟ್ ಅಳೆಯಲು ಗುಂಡಿಗೆ ಕೈ ಹಾಕಿದಳು. ಬೆರಳು ನಿಂತಿತು.

ಆಗ ನನಗೆ ಹೊಳೆಯಿತು. ನಾನು ಹಣೆಯೆಂದು ಹಚ್ಚಿದ ಜಾಗ ವೋಲ್ಟಿನ ಟಿಕಳಿಯ ಮಗ್ಗುಲಿಗೇ ಇತ್ತು. ಈಗ ಎರಡೆರಡು ಟಿಕಳಿ ಇರುವ ಮನೆಗಳು ಎರಡಾದವು, ಒಂದೇ ಟಿಕಳಿ ಇರುವ ವೋಲ್ಟಿನ ಮನೆಯೇ ಇಲ್ಲ. ತಪ್ಪು ಮನೆಗೆ ತಿರುಗಿಸಿದರೆ ಫ್ಯೂಸ್ ಹೋಗುತ್ತದೆ, ಅದರ ಜೊತೆಗೆ ಆಕೆಯ ವಿಜ್ಞಾನವೂ. ಬಾಯಿ ತೆರೆದು ಹೇಳಿದರೆ ನಾನು ಸಹಾಯ ಮಾಡಿದಂತಾಗಿ ಪರೀಕ್ಷೆಯೇ ಹೋಗುತ್ತದೆ. ಶಿವಾ, ಈಗಲಾದರೂ ಕಿವಿಗೊಡು ಎಂದು ಕಪಾಟಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಹುಡುಗಿ ಆ ಟಿಕಳಿಗಳ ಮೇಲೆ ಬೆರಳಾಡಿಸಿದಳು. ಬೆರಳನ್ನು ಮೂಗಿನ ಹತ್ತಿರ ಒಯ್ದು ಮೂಸಿದಳು. ತುಟಿಯ ಮೂಲೆ ಸ್ವಲ್ಪ ಸರಿಯಿತು. ವಿಭೂತಿಯ ವಾಸನೆ ಇದ್ದ ಟಿಕಳಿಯನ್ನು ಉಗುರಿನಿಂದ ಎಬ್ಬಿಸಿ ತೆಗೆದು, ತನ್ನ ಹಣೆಗೆ ಹಚ್ಚಿಕೊಂಡು, ಗುಂಡಿ ತಿರುಗಿಸಿ ಕೆಲಸ ಮುಂದುವರಿಸಿದಳು.

ಪರೀಕ್ಷಕರು ನನ್ನತ್ತ ತಿರುಗಿ ನೋಡಿದರು. ನಾನು ಸೂರು ನೋಡಿದೆ.

ರೀಡಿಂಗುಗಳು ಮುಗಿದವು, ಮೌಖಿಕ ಪ್ರಶ್ನೆಗಳು ಶುರುವಾದವು. ಕಪಾಟಿನ ಪಕ್ಕದಲ್ಲಿದ್ದ ನನಗೆ ಮಾತು ಕೇಳಿಸುತ್ತಿರಲಿಲ್ಲ. ಒಮ್ಮೆಲೇ ಪರೀಕ್ಷಕರು ಟೇಬಲ್ ಬಡಿದು ನಗುವುದು ಮಾತ್ರ ಕಾಣಿಸಿತು. ನಗದ ಮನುಷ್ಯ ಹೀಗೆ ನಕ್ಕರೆ ಹುಡುಗಿಯ ಗತಿ ಮುಗಿಯಿತು ಎಂದುಕೊಂಡು, ಅಲ್ಲೇ ಸ್ಟೂಲಿನ ಮೇಲೆ ಕುಳಿತೆ.

ಅವರು ಎದ್ದು, ನನ್ನ ಪಕ್ಕಕ್ಕೆ ಬಂದು ನಿಂತಿದ್ದ ಮುಖ್ಯಸ್ಥರ ಹತ್ತಿರ ನೇರವಾಗಿ ಬಂದರು. “ಎಲ್ಲಾ ತನ್ನ ಕೈಯಿಂದನ ಮಾಡ್ಯಾಳ್ರಿ. ಬಿ.ಎ. ಗೀ.ಎ. ಅಂತ ಇನ್ನ ಆಕೀಗೆ ಹೆದರಿಸಬ್ಯಾಡ್ರಿ,” ಎಂದರು.

ಶಿವನಿಗೆ ಕುಳಿತಲ್ಲಿಂದಲೇ ಕೈಮುಗಿದೆ. ಮುಖ್ಯಸ್ಥರು, ಮತ್ತೆ ಅಷ್ಟು ನಕ್ಕಿದ್ದು ಯಾಕೆ ಎಂದು ಕೇಳಿದರು.

“ನಿಮ್ಮ ಪ್ರಯೋಗದಾಗ ತಪ್ಪು ಎಲ್ಲಿಂದ ಬರಬಹುದು ಅಂತ ಎಲ್ಲಾರಿಗೂ ಕೇಳಿದೆ,” ಎಂದರು ಪರೀಕ್ಷಕರು. “ಪುಸ್ತಕದಾಗ ಇದ್ದಂಗ ಎಲ್ಲಾರೂ ಒಂದ ಉತ್ತರ ಕೊಟ್ರು, ಅಳತಿ ನೋಡವರ ಕಣ್ಣಿಂದ ಅಂತ. ಈಕಿ ಏನಂದ್ಲು ಗೊತ್ತೇನ್ರಿ? ‘ಕಣ್ಣಿನ ತಪ್ಪು ನನಗ ಬರಾಕ ಸಾಧ್ಯನ ಇಲ್ರಿ ಸರ. ಇಲ್ಲಿ ತಪ್ಪು ಬರೂದು ಒಂದ ಕಡಿಯಿಂದ, ನಮ್ಮ ಮೇಡಂ ಅವರ ಭಕ್ತಿಯಿಂದ.’”